ಗುಟ್ಟಿಗೆ ತೆತ್ತ ಬೆಲೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಜನಪ್ರಿಯ ಸಾಹಿತ್ಯದ ಬಗ್ಗೆ ಮಾತಾಡಬೇಕೆಂದು ಕರೆ ಬಂದಾಗ, ಇಡೀ ಪ್ರಕಾರದ ಬಗ್ಗೆ ಹೊರಗೆ ನಿಂತು ಹೇಳುವುದಕ್ಕಿಂತ ಒಂದೇ ಪುಸ್ತಕದ ಒಳಹೊಕ್ಕು ನೋಡುವುದು ಮೇಲು ಅನ್ನಿಸಿತು. ಪಾಲಾ ಹಾಕಿನ್ಸ್ ಅವರ ‘ದ ಗರ್ಲ್ ಆನ್ ದ ಟ್ರೇನ್’ 2015ರ ಜನವರಿಯಲ್ಲಿ ಹೊರಬಂದ ಇಂಗ್ಲಿಷ್ ಥ್ರಿಲರ್. ಕೋಟಿಗೂ ಮೀರಿ ಪ್ರತಿಗಳು ಖರ್ಚಾಗಿವೆ. 2016ರಲ್ಲಿ ಎಮಿಲಿ ಬ್ಲಂಟ್ ನಟಿಸಿದ ಹಾಲಿವುಡ್ ಚಿತ್ರ ಬಂತು, 2021ರಲ್ಲಿ ಪರಿಣೀತಿ ಚೋಪ್ರಾ ನಟಿಸಿದ ಹಿಂದಿ ಚಿತ್ರ ಬಂತು. ಪುಸ್ತಕ ಓದದಿದ್ದವರೂ ಈ ಎರಡರಲ್ಲಿ ಒಂದನ್ನು ನೋಡಿರಬಹುದು.

ಈ ಕಾದಂಬರಿ ನನಗೆ ಅರ್ಧ ಹಿಡಿಸಿತು, ಅರ್ಧ ಹಿಡಿಸಲಿಲ್ಲ. ಒಂದು ಪುಸ್ತಕವನ್ನು ತಲೆಯ ಮೇಲೆ ಹೊತ್ತು ಮೆರೆಸುವವರಿಗೆ ನಮ್ಮಲ್ಲಿ ವೇದಿಕೆ ಸಿಗುತ್ತದೆ, ಹರಿದುಹಾಕುವವರಿಗೂ ಸಿಗುತ್ತದೆ. ಓದಿ ಮುಗಿಸಿ ‘ಪರವಾಗಿಲ್ಲ’ ಎಂದು ಎದ್ದುಹೋಗುವ ಓದುಗನನ್ನು ಮಾತ್ರ ಯಾರೂ ಹಿಡಿದು ಕೂರಿಸಿ ಕೇಳುವುದಿಲ್ಲ: ಯಾವುದು ಪರವಾಗಿಲ್ಲ, ಯಾವ ಪುಟದವರೆಗೆ ಪರವಾಗಿಲ್ಲ, ಮನಸ್ಸು ಹಿಂದೆ ಸರಿದದ್ದು ಎಲ್ಲಿ? ಮರುಳಾದವನಿಗೆ ಹೊಲಿಗೆ ಕಾಣುವುದಿಲ್ಲ, ಮೊದಲೇ ಬೇಡವೆಂದವನು ಬಟ್ಟೆಯನ್ನೇ ಮುಟ್ಟಿರುವುದಿಲ್ಲ. ಅರೆಮನಸ್ಸಿನ ಓದುಗನಿಗೆ ಎರಡೂ ಕಂಡಿರುತ್ತವೆ. ಓದುಗರಲ್ಲಿ ಬಹುಪಾಲು ಅವನೇ ಇದ್ದಾನೆಂದು ನಾನು ತಿಳಿದಿದ್ದೇನೆ. ಇವತ್ತು ಅವನ ಪರವಾಗಿ ಮಾತಾಡುತ್ತೇನೆ.

ಮಾತಿನ ನಡುವೆ ಕೊಲೆಗಾರ ಯಾರೆಂದು ಹೇಳಿಬಿಡುತ್ತೇನೆ. ಅದನ್ನು ಹೇಳದೆ ಈ ಕಾದಂಬರಿಯ ದೋಷವನ್ನೂ ವಿವರಿಸಲಾಗದು, ಅದರ ದೊಡ್ಡತನವನ್ನೂ ವಿವರಿಸಲಾಗದು.

ಮೊದಲು ಹಿಡಿಸಿದ್ದು. ರೇಚಲ್ ವಾಟ್ಸನ್ ಎಂಬಾಕೆ ದಿನವೂ ಬೆಳಿಗ್ಗೆ 8.04ರ ರೈಲು ಹತ್ತಿ ಆಶ್‌ಬರಿಯಿಂದ ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಕೆಲಸವಿಲ್ಲ. ಕುಡಿತದಿಂದಾಗಿ ನೌಕರಿ ಹೋಗಿ ಎಷ್ಟೋ ದಿನಗಳಾಗಿವೆ. ಮನೆಯಲ್ಲಿ ಕೋಣೆ ಕೊಟ್ಟಿರುವ ಗೆಳತಿ ಕ್ಯಾಥಿಗೆ ಇದು ತಿಳಿಯಬಾರದೆಂದು ದಿನಾ ಹೊರಡುತ್ತಾಳೆ, ಸಂಜೆ ವಾಪಸು ಬರುತ್ತಾಳೆ. ದಾರಿಯಲ್ಲಿ ಕೆಟ್ಟ ಸಿಗ್ನಲ್ ಒಂದಿದೆ, ರೈಲು ಅಲ್ಲಿ ಆಗಾಗ ನಿಲ್ಲುತ್ತದೆ. ಕಿಟಕಿಯಾಚೆ ಸಾಲುಮನೆಗಳ ಹಿತ್ತಿಲು. ಆ ಸಾಲಿನ ಒಂದು ಮನೆಯಲ್ಲಿ ಗಂಡಹೆಂಡಿರಿಬ್ಬರು ಕಾಫಿ ಕುಡಿಯುವುದನ್ನು, ತಾರಸಿಯ ಮೇಲೆ ನಿಂತಿರುವುದನ್ನು ನೋಡುತ್ತ ಅವರಿಗೆ ತಾನೇ ಹೆಸರಿಡುತ್ತಾಳೆ: ಜೆಸ್ ಮತ್ತು ಜೇಸನ್. ಅವರಿಗೊಂದು ಸುಖಸಂಸಾರ ಕಟ್ಟಿಕೊಡುತ್ತಾಳೆ. ಕೆಲವೇ ಬಾಗಿಲು ಆಚೆಗಿರುವ ಇನ್ನೊಂದು ಮನೆಯನ್ನು ನೋಡಬಾರದೆಂದು ಪ್ರಯತ್ನಿಸುತ್ತಾಳೆ. ಅದು ಒಂದು ಕಾಲಕ್ಕೆ ಅವಳದೇ ಮನೆ. ಈಗ ಅಲ್ಲಿ ಅವಳ ಮಾಜಿ ಗಂಡ ಟಾಮ್, ಅವನ ಹೊಸ ಹೆಂಡತಿ ಆ್ಯನಾ, ಅವರ ಕೂಸು ಇದ್ದಾರೆ.

ಲಂಡನ್ನಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಮುಖ ಬೀದಿಗೆ, ಬೆನ್ನು ಹಳಿಗೆ. ಬೀದಿಗೆ ತೋರಿಸುವ ಮುಂಬಾಗಿಲನ್ನು ಜನ ಒಪ್ಪವಾಗಿ ಇಟ್ಟುಕೊಳ್ಳುತ್ತಾರೆ. ಒಣಹಾಕಿದ ಬಟ್ಟೆ, ಮೂಲೆಗೆ ಸರಿಸಿದ ಆಟಿಕೆ, ಜಗಳವಾಡಿ ಹೊರಗೆ ಬಂದು ಸಿಗರೇಟು ಹಚ್ಚಿದ ಹೆಂಗಸು ಕಾಣುವುದು ರೈಲಿನವರಿಗೆ. ಹಾಕಿನ್ಸ್ ಈ ಜಾಗವನ್ನು ಆಯ್ದುಕೊಂಡಲ್ಲಿಯೇ ಅರ್ಧ ಗೆದ್ದರು ಎಂದು ನನ್ನ ಅಭಿಪ್ರಾಯ. ಅವರು ಇಂದಿನ ಜಿಂಬಾಬ್ವೆಯ ಹರಾರೆಯಲ್ಲಿ 1972ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಲಂಡನ್ನಿಗೆ ಬಂದವರು. ‘ದ ಟೈಮ್ಸ್’ ಪತ್ರಿಕೆಯಲ್ಲಿ ಹಣಕಾಸಿನ ವರದಿಗಾರ್ತಿಯಾಗಿದ್ದರು. ಓಡಾಟದ ರೈಲುಗಳಲ್ಲಿ ಕೂತು ಇದೇ ಹಿತ್ತಿಲುಗಳನ್ನು ನೋಡಿದವರು. ಏಮಿ ಸಿಲ್ವರ್ ಎಂಬ ಹೆಸರಿನಲ್ಲಿ ತಿಳಿಹಾಸ್ಯದ ಪ್ರಣಯ ಕಾದಂಬರಿಗಳನ್ನು ಬರೆದರು, ಅವು ಕೈಹಿಡಿಯಲಿಲ್ಲ. ಈ ಕಾದಂಬರಿ ಬರೆದು ಮುಗಿಸಲು ತಂದೆಯಿಂದ ಸಾಲ ಪಡೆದರು. ಹೊರಗಿನಿಂದ ಬಂದವರಿಗೆ ಒಂದು ಊರಿನ ಒಳಮನೆ ಹೇಗೆ ಕಾಣುತ್ತದೆ, ಕೈ ಬರಿದಾದವರಿಗೆ ಪರರ ಮನೆಯ ದೀಪ ಹೇಗೆ ಕಾಣುತ್ತದೆ ಎಂಬುದನ್ನು ಬಲ್ಲವರ ಬರವಣಿಗೆ ಈ ಮೊದಲ ಅಧ್ಯಾಯಗಳದು.

ರೇಚಲ್‌ಳ ಕುಡಿತವನ್ನು ಬರೆದ ಬಗೆಯೂ ಹಾಗೆಯೇ. ಮಕ್ಕಳಾಗಲಿಲ್ಲ, ಚಿಕಿತ್ಸೆ ಫಲಿಸಲಿಲ್ಲ. ಆ ದುಃಖಕ್ಕೆ ಮನೆಯಲ್ಲಿ ಎಡೆ ಸಿಗಲಿಲ್ಲ, ಕುಡಿತಕ್ಕೆ ಸಿಕ್ಕಿತು. ರೈಲಿನಲ್ಲಿ ಡಬ್ಬಿಯ ಜಿನ್ ಒಡೆಯುವಾಗ ಇವತ್ತು ಶುಕ್ರವಾರ, ಶುಕ್ರವಾರ ಎಲ್ಲರೂ ಕುಡಿಯುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಬೆಳಗಾದರೆ ಹಿಂದಿನ ರಾತ್ರಿ ಯಾರಿಗೆ ಫೋನು ಮಾಡಿದೆ, ಏನೆಂದೆ ಎಂದು ಫೋನು ತೆರೆದು ನೋಡುತ್ತಾಳೆ. ಕುಡುಕರನ್ನು ಹತ್ತಿರದಿಂದ ಕಂಡವರಿಗೆ ಆ ಬೆಳಗಿನ ನಾಚಿಕೆ ಗೊತ್ತು. ಕುಡುಕ ಗಂಡಸರ ಕಥೆ ಎಲ್ಲ ಭಾಷೆಗಳಲ್ಲೂ ಧಾರಾಳ ಇದೆ. ಕುಡಿಯುವ ಹೆಂಗಸನ್ನು ಹೀಯಾಳಿಸದೆ, ಕನಿಕರದಿಂದ ಕುಗ್ಗಿಸದೆ, ಅವಳ ಬಾಯಿಂದಲೇ ಹೇಳಿಸುವ ಧೈರ್ಯ ಕಡಿಮೆ. ಇಷ್ಟರಮಟ್ಟಿಗೆ ನಾನು ಪೂರ್ತಿ ಮನಸ್ಸಿನ ಓದುಗ.

ಕಥೆ ಮುಂದೆ ಹೀಗೆ. ಒಂದು ಬೆಳಿಗ್ಗೆ ‘ಜೆಸ್’ ಬೇರೊಬ್ಬ ಗಂಡಸನ್ನು ಮುದ್ದಿಡುವುದನ್ನು ರೇಚಲ್ ರೈಲಿನಿಂದ ನೋಡುತ್ತಾಳೆ. ಮರುದಿನ ರಾತ್ರಿ ಕುಡಿದು ಆ ಬಡಾವಣೆಗೆ ಹೋಗುತ್ತಾಳೆ. ಎಚ್ಚರವಾದಾಗ ತಲೆಗೆ ಪೆಟ್ಟು ಬಿದ್ದಿದೆ, ಏನೂ ನೆನಪಿಲ್ಲ. ಆ ರಾತ್ರಿಯಿಂದ ‘ಜೆಸ್’ ಕಾಣೆಯಾಗಿದ್ದಾಳೆ. ಅವಳ ನಿಜವಾದ ಹೆಸರು ಮೇಗನ್, ಗಂಡ ಸ್ಕಾಟ್. ಕಥೆಯನ್ನು ರೇಚಲ್, ಮೇಗನ್, ಆ್ಯನಾ ಮೂವರೂ ಸರದಿಯಲ್ಲಿ ಹೇಳುತ್ತಾರೆ. ತಲೆಬರಹದಲ್ಲಿ ತಾರೀಖು, ಕೆಳಗೆ ‘ಬೆಳಿಗ್ಗೆ’ ಅಥವಾ ‘ಸಂಜೆ’. ಮೇಗನ್‌ಳ ಪುಟಗಳು ಒಂದು ವರ್ಷ ಹಿಂದಿನಿಂದ ಶುರುವಾಗಿ ರೇಚಲ್‌ಳ ಕಾಲವನ್ನು ಬಂದು ಮುಟ್ಟುತ್ತವೆ. ಕಟ್ಟುವ ಕೈ ಪಳಗಿದ್ದೆಂಬುದರಲ್ಲಿ ಅನುಮಾನವಿಲ್ಲ. ಪುಟಗಳು ತಾವಾಗಿ ತಿರುಗುತ್ತವೆ.

ಆದರೆ ಪುಟ ತಿರುಗಿಸುವುದು ಕುತೂಹಲದ ಕೆಲಸ. ಮನಸ್ಸು ಜೊತೆಗೆ ಬರುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಥ್ರಿಲರುಗಳ ಬೆನ್ನುಪುಟದಲ್ಲಿ ‘ಕೆಳಗಿಡಲಾಗಲಿಲ್ಲ’ ಎಂದು ಅಚ್ಚುಹಾಕುವಾಗ ಈ ಎರಡನ್ನೂ ಒಂದೇ ಎಂದು ತಿಳಿಯಲಾಗುತ್ತದೆ. ನನ್ನ ಮನಸ್ಸು ಹಿಂದೆ ಸರಿದದ್ದು ಮೇಗನ್‌ಳ ಪುಟಗಳಲ್ಲಿ. ಅವಳಿಗೊಬ್ಬ ಪ್ರಿಯಕರನಿದ್ದಾನೆ. ಅವನ ಬಗ್ಗೆ ಹೇಳುವಾಗ ಅವಳು ‘ಅವನು’ ಎನ್ನುತ್ತಾಳೆ, ಹೆಸರು ಹೇಳುವುದಿಲ್ಲ. ಓದುಗ ಅವಳ ಮನಶ್ಶಾಸ್ತ್ರಜ್ಞ ಕಮಾಲ್ ಅಬ್ದಿಕ್‌ನನ್ನು ಶಂಕಿಸಬೇಕು, ಗಂಡ ಸ್ಕಾಟ್‌ನನ್ನು ಶಂಕಿಸಬೇಕು, ಟಾಮ್‌ನ ಕಡೆ ಮಾತ್ರ ತಿರುಗಬಾರದು. ಅದಕ್ಕಾಗಿ ಈ ‘ಅವನು’. ನಾನು ಕೇಳುವುದಿಷ್ಟೇ: ಮೇಗನ್ ಹೆಸರನ್ನು ಯಾರಿಂದ ಮುಚ್ಚಿಡುತ್ತಿದ್ದಾಳೆ? ಅವಳು ಪತ್ರ ಬರೆಯುತ್ತಿಲ್ಲ, ಸಾಕ್ಷಿ ಹೇಳುತ್ತಿಲ್ಲ. ತನ್ನೊಳಗೆ ತಾನೇ ಮಾತಾಡುತ್ತಿದ್ದಾಳೆ. ತಾನು ಬಯಸುವ ಗಂಡಸಿನ ಹೆಸರು ಒಬ್ಬ ಹೆಣ್ಣಿನ ಏಕಾಂತದ ಮಾತಿನಲ್ಲಿ ಒಮ್ಮೆಯಾದರೂ ಬರದಿರುವುದುಂಟೇ? ಆ ಕ್ಷಣದಲ್ಲಿ ಮೇಗನ್ ಮರೆಯಾಗಿ, ಅವಳ ಬಾಯಿಗೆ ಕೈ ಅಡ್ಡ ಹಿಡಿದ ಲೇಖಕಿ ಕಾಣುತ್ತಾರೆ.

ಕಥೆ ಹೇಳುವವರೇ ಗುಟ್ಟು ಮುಚ್ಚಿಡುವುದು ಹೊಸದೇನಲ್ಲ. ಅಗಾಥಾ ಕ್ರಿಸ್ಟಿಯ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ 1926ರಲ್ಲಿ ಬಂದಾಗ, ಕಥೆ ಹೇಳುತ್ತಿದ್ದ ವೈದ್ಯನೇ ಕೊಲೆಗಾರನೆಂದು ತಿಳಿದು, ಇದು ಮೋಸ ಎಂದು ತಗಾದೆ ಎತ್ತಿದವರಿದ್ದರು. ನನಗೆ ಅದು ಮೋಸವೆನಿಸಿಲ್ಲ. ಆ ವೈದ್ಯ ಬರೆಯುತ್ತಿರುವುದು ಬೇರೆಯವರು ಓದಲೆಂದು. ಮುಚ್ಚಿಡುವುದು ಅವನ ಸ್ವಭಾವ, ಅವನ ಅಪರಾಧದ ಭಾಗ. ಎರಡನೆಯ ಸಲ ಓದಿದರೆ ಪ್ರತಿ ವಾಕ್ಯದಲ್ಲೂ ಅವನ ಜಾಣತನ ಕಂಡು ಮೈ ಜುಮ್ಮೆನ್ನುತ್ತದೆ. ಮೇಗನ್‌ಳ ಪುಟಗಳನ್ನು ಎರಡನೆಯ ಸಲ ಓದಿದಾಗ ನನಗೆ ಅವಳ ಬಗ್ಗೆ ಹೊಸದೇನೂ ತಿಳಿಯಲಿಲ್ಲ. ಗುಟ್ಟು ಅವಳದಾಗಿರಲಿಲ್ಲ.

ಮೇಗನ್‌ಳ ಪಾಲಿಗೆ ಇದು ನಷ್ಟವೇ. ಅವಳ ಹಿಂದಿನ ಬದುಕಿನಲ್ಲಿ ಇಡೀ ಪುಸ್ತಕವನ್ನು ಹೊರಬಲ್ಲ ಒಂದು ನೋವಿದೆ. ತೀರ ಎಳೆಯ ವಯಸ್ಸಿನಲ್ಲಿ ಹೆತ್ತ ಕೂಸನ್ನು ಎದೆಯ ಮೇಲಿಟ್ಟುಕೊಂಡು ಸ್ನಾನದ ತೊಟ್ಟಿಯ ನೀರಿನಲ್ಲಿ ಮಲಗಿರುವಾಗ ಅವಳಿಗೆ ನಿದ್ದೆ ಹತ್ತುತ್ತದೆ. ಎಚ್ಚರಾಗುವಷ್ಟರಲ್ಲಿ ಕೂಸು ಇಲ್ಲ. ಆ ಅಧ್ಯಾಯ ಓದಿ ನಾನು ಬಹಳ ಹೊತ್ತು ಮುಂದಕ್ಕೆ ಹೋಗಲಾರದೆ ಕುಳಿತೆ. ಮಗು ಬೇಕೆಂದು ಬೆಂದವಳೊಬ್ಬಳು, ಮಗುವನ್ನು ಕಳೆದುಕೊಂಡವಳೊಬ್ಬಳು, ಮಗುವಿನ ತಾಯಿಯೆಂಬ ಹೆಮ್ಮೆಯಲ್ಲಿ ಇನ್ನೊಬ್ಬಳ ಮನೆಯನ್ನು ತುಂಬಿಕೊಂಡವಳೊಬ್ಬಳು: ಒಂದೇ ಬೀದಿಯ ಈ ಮೂವರ ಕಥೆಯಲ್ಲಿ ಎಷ್ಟು ಆಳಕ್ಕಾದರೂ ಇಳಿಯಬಹುದಿತ್ತು. ಕಾದಂಬರಿಗೆ ಇಳಿಯುವಷ್ಟು ಪುರುಸೊತ್ತಿಲ್ಲ. ಮುಂದಿನ ಶಂಕಿತನನ್ನು ಹಾಜರುಪಡಿಸಬೇಕಾಗಿದೆ. ಮೂವರ ದನಿಯಲ್ಲೂ ವ್ಯತ್ಯಾಸ ಕಡಿಮೆ. ತಲೆಬರಹ ಮುಚ್ಚಿ ಓದಿದರೆ ಇದು ಆ್ಯನಾಳ ಪುಟವೋ ಮೇಗನ್‌ಳದೋ ಎಂದು ಹಲವು ಕಡೆ ತಿಳಿಯುವುದಿಲ್ಲ.

ರೇಚಲ್‌ಳ ಮರೆವಿನ ಬಗ್ಗೆಯೂ ಒಂದು ಮಾತು. ಮಿತಿಮೀರಿ, ಅದೂ ಬೇಗಬೇಗ ಕುಡಿದಾಗ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಅನುಭವವನ್ನು ನೆನಪಾಗಿ ದಾಖಲಿಸುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ನಡೆಯುತ್ತಿರುತ್ತಾನೆ, ಮಾತಾಡುತ್ತಿರುತ್ತಾನೆ, ದಾಖಲೆ ಮಾತ್ರ ಆಗುತ್ತಿರುವುದಿಲ್ಲ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಅಲ್ಲಲ್ಲಿ ತುಣುಕು ಉಳಿದಿರುತ್ತದೆ, ಯಾರಾದರೂ ಸುಳಿವು ಕೊಟ್ಟರೆ ಮರಳುತ್ತದೆ. ಇನ್ನೊಂದರಲ್ಲಿ ಗಂಟೆಗಟ್ಟಲೆಯ ಕಾಲ ಪೂರ್ತಿ ಖಾಲಿ. ಬರೆಯದೆ ಬಿಟ್ಟ ಪುಟವನ್ನು ಆಮೇಲೆ ಓದುವುದು ಸಾಧ್ಯವಿಲ್ಲ. ರೇಚಲ್‌ಳ ಪ್ರಕರಣವನ್ನು ಮೊದಲ ಬಗೆಯದೆಂದು ಒಪ್ಪಿಕೊಳ್ಳೋಣ. ಒಪ್ಪಿದರೂ, ಅವಳ ನೆನಪುಗಳು ಕಥೆಗೆ ಯಾವಾಗ ಬೇಕೋ ಆಗ, ಬೇಕಾದಷ್ಟೇ, ಅನುಕ್ರಮವಾಗಿ ಬರುತ್ತವೆ. ಆ ರಾತ್ರಿ ಟಾಮ್‌ನ ಜೊತೆ ಕಂಡ ಹೆಂಗಸು ಆ್ಯನಾ ಅಲ್ಲ, ಮೇಗನ್ ಎಂದು ಅವಳಿಗೆ ಹೊಳೆಯುವುದು ಪುಸ್ತಕ ಮುಗಿಯಲು ಸರಿಯಾಗಿ ಎಷ್ಟು ಪುಟ ಬೇಕೋ ಅಷ್ಟು ಉಳಿದಿರುವಾಗ. ಮೊದಲ ಅಧ್ಯಾಯಗಳಲ್ಲಿ ಒಬ್ಬ ಹೆಣ್ಣಿನ ಗಾಯವಾಗಿದ್ದ ಮರೆವು ಕೊನೆಗೆ ಬೀಗದ ಕೈಯಾಗಿಬಿಡುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೇಗನ್‌ಳನ್ನು ಕೊಂದವನು ಟಾಮ್. ಆದರೆ ಈ ಕಾದಂಬರಿ ನಿಜವಾಗಿ ಬಯಲು ಮಾಡುವ ಸಂಗತಿ ಆ ಕೊಲೆಗಿಂತ ದೊಡ್ಡದು. ಮದುವೆಯಲ್ಲಿದ್ದಷ್ಟು ಕಾಲ ಟಾಮ್ ರೇಚಲ್‌ಗೆ ಬೆಳಿಗ್ಗೆ ಎದ್ದಾಗ ಹೇಳುತ್ತಿದ್ದ: ನಿನ್ನೆ ನೀನು ಹೀಗೆ ಮಾಡಿದೆ, ಹೀಗೆ ಕೂಗಾಡಿದೆ, ಗಾಲ್ಫ್ ಕೋಲು ಎತ್ತಿಕೊಂಡು ನನ್ನ ಮೇಲೆ ಬಂದೆ, ಗೋಡೆಯ ಗಾರೆ ಕಿತ್ತಿದೆ ನೋಡು. ಅವಳಿಗೆ ನೆನಪಿರುತ್ತಿರಲಿಲ್ಲ. ಅವಳು ನಂಬಿದಳು, ಕ್ಷಮೆ ಕೇಳಿದಳು, ತಾನು ಕೆಟ್ಟವಳು ಎಂಬ ನಾಚಿಕೆಯಲ್ಲಿ ಮತ್ತೆ ಕುಡಿದಳು. ಕೋಲು ಬೀಸಿದವನು ಅವನು. ಅವಳ ಮರೆವಿನಲ್ಲಿ ತನ್ನ ಹಿಂಸೆಯನ್ನು ಅವಳ ಹೆಸರಿಗೆ ಬರೆದಿಟ್ಟವನು ಅವನು. ಹೆಂಡತಿಗೆ ತನ್ನ ಬುದ್ಧಿಯ ಮೇಲೇ ಅನುಮಾನ ಹುಟ್ಟುವಂತೆ ಮಾಡುವ ಗಂಡನನ್ನು ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ‘ಗ್ಯಾಸ್ ಲೈಟ್’ ನಾಟಕದಲ್ಲಿ ತಂದಿದ್ದರು. 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಚಿತ್ರದಿಂದ ಅದು ಲೋಕಕ್ಕೆಲ್ಲ ಗೊತ್ತಾಯಿತು. ಹಾಕಿನ್ಸ್ ಅದಕ್ಕೆ ಕುಡಿತದ ಮರೆವನ್ನು ಸೇರಿಸಿ ಇನ್ನಷ್ಟು ಭೀಕರವಾದದ್ದನ್ನು ಕಂಡುಕೊಂಡಿದ್ದಾರೆ. ಕುಡಿಯುವವರ ಮಾತನ್ನು ಯಾರೂ ನಂಬುವುದಿಲ್ಲ, ಕೊನೆಗೆ ಅವರೂ ತಮ್ಮನ್ನು ನಂಬುವುದಿಲ್ಲ. ಅಂಥವರ ಮೇಲೆ ಏನು ಹೊರಿಸಿದರೂ ಅಂಟಿಕೊಳ್ಳುತ್ತದೆ.

ಇಂಥ ವಸ್ತು ಕೈಗೆ ಸಿಕ್ಕಿದ್ದೂ ಲೇಖಕಿ ಅದನ್ನು ಕೊನೆಯ ಕೆಲವು ಅಧ್ಯಾಯಗಳವರೆಗೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟರು. ಹೇಳಿದರೆ ಕೊಲೆಗಾರ ಯಾರೆಂದು ತಿಳಿದುಬಿಡುತ್ತದಲ್ಲ. ಗುಟ್ಟನ್ನು ಕಾಯಲು ಟಾಮ್‌ನನ್ನು ಬಹುಕಾಲ ತಾಳ್ಮೆಯ ಗಂಡಸಾಗಿಯೇ ತೋರಿಸಬೇಕಾಯಿತು. ಗುಟ್ಟು ಒಡೆದ ಮೇಲೆ ಅವನಿಗೆ ಉಳಿದದ್ದು ತನ್ನ ಕೃತ್ಯವನ್ನು ತಾನೇ ವಿವರಿಸುವ ಉದ್ದ ಮಾತು. ನಾಲ್ಕು ಗೋಡೆಗಳ ನಡುವೆ ಅವನು ಹೇಗೆ ಒಂದೊಂದೇ ಸುಳ್ಳು ಹೇಳಿ ಹೆಂಡತಿಯನ್ನು ಮುರಿದ ಎಂಬುದನ್ನು ನಾವು ನಡೆಯುತ್ತಿದ್ದಂತೆ ನೋಡಲಿಲ್ಲ. ಅದರ ವರದಿ ಕೇಳಿದೆವು. ನನ್ನ ಅರೆಮನಸ್ಸಿಗೆ ಕಾರಣ ಇದು.

ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋಗೆ ನೀಡಿದ ದೀರ್ಘ ಸಂದರ್ಶನದಲ್ಲಿ ಒಂದು ಉದಾಹರಣೆ ಕೊಟ್ಟರು. ಇಬ್ಬರು ಮೇಜಿನ ಮುಂದೆ ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬು ಸಿಡಿಯುತ್ತದೆ: ಪ್ರೇಕ್ಷಕ ಹದಿನೈದು ಸೆಕೆಂಡು ಬೆಚ್ಚುತ್ತಾನೆ. ಮೇಜಿನ ಕೆಳಗೆ ಬಾಂಬಿದೆಯೆಂದು ಮೊದಲೇ ತೋರಿಸಿದರೆ ಅದೇ ಹರಟೆ ಹದಿನೈದು ನಿಮಿಷ ಉಸಿರು ಬಿಗಿಹಿಡಿಸುತ್ತದೆ. ಈ ಕಾದಂಬರಿಯ ನಡುವಿನಲ್ಲೇ ಟಾಮ್ ಎಂಥವನೆಂದು ಓದುಗನಿಗೆ ತಿಳಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ರೇಚಲ್ ಅವನಿಗೆ ಫೋನು ಮಾಡಿ ಅಳುವಾಗ, ಆ ರಾತ್ರಿ ಏನಾಯಿತು ಹೇಳು ಎಂದು ಅವನನ್ನೇ ಕೇಳುವಾಗ, ಅವನು ಮೃದುವಾಗಿ ಇನ್ನೊಂದು ಸುಳ್ಳು ಹೇಳುವಾಗ, ನಾವು ಕುರ್ಚಿಯ ಅಂಚಿಗೆ ಬರುತ್ತಿದ್ದೆವು. ಆ ಮಾತುಕತೆಗಳೆಲ್ಲ ಪುಸ್ತಕದಲ್ಲಿ ಈಗಲೂ ಇವೆ. ಓದುವಾಗ ಅವುಗಳ ಕೆಳಗೆ ಏನಿದೆಯೆಂದು ನಮಗೆ ಗೊತ್ತಿರುವುದಿಲ್ಲ, ಅಷ್ಟೇ.

ಗುಟ್ಟಿಲ್ಲದೆ ಬಿಗಿಯಿರಲು ಸಾಧ್ಯವೇ ಎಂದು ಕೇಳುವವರಿಗೆ ಫ್ರೆಡೆರಿಕ್ ಫಾರ್ಸಿತ್ ಅವರ ‘ದ ಡೇ ಆಫ್ ದ ಜಾಕಲ್’ ತೋರಿಸುತ್ತೇನೆ. ಅದು ಬಂದದ್ದು 1971ರಲ್ಲಿ. 1963ರ ಆಗಸ್ಟ್ 25ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ದ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುತ್ತಾನೆ. ದ ಗಾಲ್ 1970ರ ನವೆಂಬರಿನಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡದ್ದು ಜಗತ್ತಿಗೆ ಗೊತ್ತಿತ್ತು. ಗುಂಡು ತಪ್ಪುತ್ತದೆಂದು ಮೊದಲ ಪುಟಕ್ಕೇ ತಿಳಿದಿದ್ದರೂ ಓದುಗ ಬಿಡಲಿಲ್ಲ. ಸತ್ತ ಕೂಸೊಂದರ ಹೆಸರನ್ನು ಸಮಾಧಿಯ ಕಲ್ಲಿನಿಂದ ಹುಡುಕಿ ಅದರಲ್ಲಿ ಪಾಸ್‌ಪೋರ್ಟ್ ಮಾಡಿಸುವುದು, ಊರುಗೋಲಿನ ಕೊಳವೆಯೊಳಗೆ ಅಡಗುವಂಥ ಬಂದೂಕು ಮಾಡಿಸುವುದು, ಕಾಡಿನಲ್ಲಿ ಹಣ್ಣನ್ನು ತೂಗುಬಿಟ್ಟು ಗುರಿ ಪರೀಕ್ಷಿಸುವುದು, ಇತ್ತ ಕ್ಲೋಡ್ ಲೆಬೆಲ್ ಎಂಬ ಸದ್ದಿಲ್ಲದ ಪೊಲೀಸ್ ಅಧಿಕಾರಿ ದಾಖಲೆ ದಾಖಲೆಯನ್ನೂ ಜಾಲಾಡುವುದು: ಕೆಲಸ ಹೇಗೆ ನಡೆಯುತ್ತದೆ ಎಂಬುದರಲ್ಲೇ ಬಿಗಿ ಇದೆ. ಅದರಲ್ಲಿ ರೇಚಲ್‌ಳಂಥವರು ಒಬ್ಬರೂ ಇಲ್ಲ. ಹಂತಕನ ಒಳಗೆ ಏನಿದೆಯೋ ಕೊನೆಯವರೆಗೂ ತಿಳಿಯದು. ಆದರೆ ಫಾರ್ಸಿತ್ ತಾವು ಕೊಡುವೆನೆಂದದ್ದನ್ನು ಪೂರ್ತಿ ಕೊಟ್ಟರು. ಹಾಕಿನ್ಸ್ ಫಾರ್ಸಿತ್‌ಗಿಂತ ಹೆಚ್ಚಿನದನ್ನು ಕೊಡಲು ಹೊರಟು ಅರ್ಧಕ್ಕೆ ನಿಂತರು. ಇಬ್ಬರಲ್ಲಿ ಯಾರ ಪುಸ್ತಕ ಹೆಚ್ಚು ಕಾಡುತ್ತದೆ ಎಂದರೆ, ನನಗೆ ಹಾಕಿನ್ಸ್ ಅವರದೇ.

ಕನ್ನಡದ ಓದುಗರಿಗೆ ಈ ಚರ್ಚೆ ದೂರದ್ದೇನಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓದು ಕಲಿತ ಮನೆಗಳು ನಮ್ಮಲ್ಲಿ ಸಾವಿರಾರು ಇವೆ. ಅವರ ಪುಸ್ತಕಗಳು ಗುಟ್ಟಿನ ಪುಸ್ತಕಗಳೆಂದೇ ಹೇಳಿಕೊಂಡು ಬಂದವು, ಆ ಮಾತನ್ನು ಉಳಿಸಿಕೊಂಡವು. ತೇಜಸ್ವಿಯವರ ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿಯರ ಸುತ್ತ ಕಾಡುಗಳ್ಳರ ಜಾಲ ಬಿಗಿಯುವುದನ್ನು ಓದುವಾಗಲೂ ಉಸಿರು ನಿಲ್ಲುತ್ತದೆ. ಅದನ್ನು ನಾನು ಮತ್ತೆ ಮತ್ತೆ ಓದಿರುವುದು ಮಲೆನಾಡಿನ ಆ ವ್ಯಾಪಾರ, ಆ ಬೆಳೆಗಾರರ ಬದುಕು ಅಲ್ಲಿ ಹಾಗೆ ಬಿಚ್ಚಿಕೊಂಡಿರುವುದರಿಂದ. ಗುಟ್ಟು ತಿಳಿದ ಮೇಲೂ ಅದು ಕರಗುವುದಿಲ್ಲ.

ಸಿನಿಮಾಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾಲಿವುಡ್ಡಿನವರು ಕಥೆಯನ್ನು ನ್ಯೂಯಾರ್ಕಿನ ಹೊರವಲಯಕ್ಕೆ, ಹಡ್ಸನ್ ನದಿಯ ದಡದ ರೈಲಿಗೆ ಒಯ್ದರು. ಮರಗಳ ನಡುವಿನ ದೊಡ್ಡ ಮನೆಗಳು ಬಂದವು, ಹಳಿಗೆ ಬೆನ್ನು ಕೊಟ್ಟ ಸಾಲುಮನೆಗಳ ಇಕ್ಕಟ್ಟು ಹೋಯಿತು. ಎಮಿಲಿ ಬ್ಲಂಟ್ ಅವರ ಮುಖದಲ್ಲಿ ಮಾತ್ರ ರೇಚಲ್ ಪೂರ್ತಿ ಉಳಿದಳು. ಹಿಂದಿಯಲ್ಲಿ ಅಪಘಾತದಿಂದ ಬಂದ ಮರೆವಿನ ಕಾಯಿಲೆಯನ್ನು ಕುಡಿತದ ಜೊತೆಗೆ ಸೇರಿಸಿದರು. ಕಾಯಿಲೆ ಬಂದ ಕೂಡಲೇ ನಾಚಿಕೆಯ ಭಾರ ಇಳಿಯಿತು, ಆ ಭಾರವಿಲ್ಲದೆ ಈ ಕಥೆಗೆ ಜೀವವಿಲ್ಲ.

ಕೊನೆಯ ದೃಶ್ಯದಲ್ಲಿ ಒಂದು ಅಂಶವನ್ನು ನಾನು ಮೆಚ್ಚುತ್ತೇನೆ. ಟಾಮ್‌ನ ಜಿಮ್ ಚೀಲದಲ್ಲಿ ಇನ್ನೊಂದು ಫೋನು ಸಿಕ್ಕ ಮೇಲೆ ಆ್ಯನಾಗೆ ತನ್ನ ಗಂಡನ ಬಗ್ಗೆ ತಿಳಿಯತೊಡಗಿರುತ್ತದೆ. ಆದರೂ ಅವಳು ಬಾಯಿ ಬಿಡುವುದಿಲ್ಲ, ತನ್ನ ಮನೆ ಉಳಿಯಲೆಂದು ಕಾಯುತ್ತಾಳೆ. ರೇಚಲ್ ಬಾಟಲಿಯ ಬಿರಡೆ ತೆಗೆಯುವ ತಿರುಪಿನಿಂದ ಅವನ ಕುತ್ತಿಗೆಗೆ ಚುಚ್ಚಿದಾಗ ಆ್ಯನಾ ಬಂದು ಅದನ್ನು ಇನ್ನಷ್ಟು ಒಳಕ್ಕೆ ತಿರುಗಿಸುತ್ತಾಳೆ. ಪರಸ್ಪರ ದ್ವೇಷಿಸುತ್ತಿದ್ದ ಇಬ್ಬರು ಹೆಂಡತಿಯರು ಒಬ್ಬನ ಸುಳ್ಳನ್ನು ಒಟ್ಟಿಗೆ ನಿಲ್ಲಿಸುತ್ತಾರೆ. ಆ ಮೌನ ಒಪ್ಪಂದದಲ್ಲಿ ಮೊದಲ ಅಧ್ಯಾಯಗಳ ಲೇಖಕಿ ಮರಳಿ ಬಂದಿದ್ದಾರೆ.

ಈ ಪುಸ್ತಕ ಓದಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಓದಿ ಎಂದೇ ಹೇಳುತ್ತೇನೆ. ಮನೆಯಲ್ಲಿ ಕುಡಿತವನ್ನು ಕಂಡವರಿಗೆ, ತಾನು ಮಾಡದ್ದಕ್ಕೆ ಕ್ಷಮೆ ಕೇಳಿ ಸೋತವರಿಗೆ ಕೈಗೆ ಕೊಟ್ಟೂ ಬಂದಿದ್ದೇನೆ. ಕೊಡುವಾಗ ಕೊಲೆಗಾರ ಟಾಮ್ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆ ತಿಳಿದು ಓದಿದವರು ರೇಚಲ್ ಅವನಿಗೆ ಮಾಡುವ ಪ್ರತಿ ಫೋನಿನ ಪುಟವನ್ನೂ ನಿಧಾನವಾಗಿ ಓದುತ್ತಾರೆ.